ನೆರಳಿನ ನೆಲಹೊದಿಕೆ ಸಸ್ಯಗಳು: ಬಸವಕಲ್ಯಾಣ–ಹುಮನಾಬಾದ್ ಸೀಮೆ

ಮೇಲಕ್ಕೇರುವ ಬದಲು ಅಗಲಕ್ಕೆ ಹಬ್ಬಿ, ಬರಿ ಮಣ್ಣು ಕಾಣದಂತೆ ನೆಲ ಮುಚ್ಚುವ ಗಿಡಗಳಿಗೆ ನೆಲಹೊದಿಕೆ ಸಸ್ಯಗಳೆಂದು ಹೆಸರು. ಇವುಗಳಲ್ಲಿ ನೇರ ಬಿಸಿಲು ಬೀಳದ ಕಡೆ ಬಾಳುವ, ಒಮ್ಮೆ ನೆಟ್ಟರೆ ಹಲವು ವರ್ಷ ಉಳಿಯುವ ಜಾತಿಗಳನ್ನೂ ಅವುಗಳ ಸಂಕರ ತಳಿಗಳನ್ನೂ ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳ ನೆಲ-ಹವೆಯನ್ನು ಮುಂದಿಟ್ಟುಕೊಂಡು ಇಲ್ಲಿ ಪರಿಚಯಿಸಿದೆ. ಗರಿಕೆಯಾಗಲಿ ಬೇರೆ ಹಾಸುಹುಲ್ಲಾಗಲಿ ದಿನಕ್ಕೆ ಐದಾರು ಗಂಟೆ ಬಿಸಿಲಿಲ್ಲದೆ ದಟ್ಟವಾಗಿ ಬೆಳೆಯದು. ಮರದ ಬುಡ, ಎತ್ತರದ ಕಾಂಪೌಂಡಿನ ಮಗ್ಗುಲು, ಎರಡು ಮನೆಗಳ ನಡುವಿನ ಸಂದಿ, ಬಚ್ಚಲ ಹಿಂಭಾಗ, ಹೀಗೆ ಹುಲ್ಲು ಕೈಬಿಟ್ಟ ಜಾಗಗಳೇ ಈ ಗಿಡಗಳ ಪಾಲು.

ಬೀದರ್ ಸೀಮೆಯ ಆಡುಮಾತಿನಲ್ಲಿ ಮರಕ್ಕೂ ಗಿಡವೆಂದೇ ಕರೆಯುತ್ತಾರೆ: ಬೇವಿನ ಗಿಡ, ಹುಣಸಿ ಗಿಡ, ಮಾವಿನ ಗಿಡ. ನೆರಳು ಇಲ್ಲಿ ನೆಳ್ಳು. ಆದ್ದರಿಂದ ‘ಗಿಡದ ನೆಳ್ಳಾಗ ಯಾವ ಗಿಡ ಹಚ್ಚಬೇಕು’ ಎಂಬ ಪ್ರಶ್ನೆ ಹೊರಗಿನವರಿಗೆ ಒಗಟಿನಂತೆ ಕೇಳಿಸಬಹುದು. ಊರಿನವರಿಗೆ ಅದು ದಿನದ ಮಾತು. ಈ ಲೇಖನದ ಬಹುಭಾಗ ಆ ಒಂದು ಪ್ರಶ್ನೆಗೇ ಸಂಬಂಧಿಸಿದೆ.

ನೆಲ ಮತ್ತು ನೆರಳು

ನೆರಳು ತೋಟದ ಬಗ್ಗೆ ಬಂದಿರುವ ಪುಸ್ತಕಗಳಲ್ಲಿ ಹೆಚ್ಚಿನವು ಇಂಗ್ಲೆಂಡ್, ಅಮೆರಿಕ, ಜಪಾನುಗಳ ತೇವದ ನೆರಳನ್ನು ಮನಸ್ಸಿನಲ್ಲಿಟ್ಟುಕೊಂಡವು. ಅವು ಹೊಗಳುವ ಹೋಸ್ಟಾ, ಹ್ಯೂಕೆರಾ, ಎಪಿಮೀಡಿಯಂಗಳಿಗೆ ಚಳಿಗಾಲದ ಕೊರೆಯುವ ತಂಪು ಬೇಕು. ಆ ತಂಪಿನಲ್ಲಿ ಮಲಗಿ ಎದ್ದರೆ ಮಾತ್ರ ಅವು ಮರುವರ್ಷ ಚಿಗುರುತ್ತವೆ. ಹುಮನಾಬಾದಿನ ಡಿಸೆಂಬರ್ ರಾತ್ರಿಗಳು ಹಿತವಾಗಿರುತ್ತವೆ, ಆದರೆ ಹಿಮ ಬೀಳುವುದಿಲ್ಲ. ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಂಥ ಗಿಡಗಳನ್ನು ಆನ್‌ಲೈನಿನಲ್ಲಿ ತರಿಸಿ ನೆಟ್ಟವರಿಗೆ ಮೊದಲ ಬೇಸಿಗೆಯಲ್ಲೇ ಲೆಕ್ಕ ಚುಕ್ತಾ ಆಗುತ್ತದೆ.

ಪುಸ್ತಕಗಳ ಇನ್ನೊಂದು ಸಲಹೆ, ಉತ್ತರದ ಗೋಡೆಯ ಮಗ್ಗುಲು ಸದಾ ನೆರಳು ಎಂಬುದು. ಅದೂ ಇಲ್ಲಿ ಪೂರ್ತಿ ಹೊಂದುವುದಿಲ್ಲ. ಬಸವಕಲ್ಯಾಣ ಸುಮಾರು 17.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಎರಡನೇ ವಾರದಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬಂದು, ಅಲ್ಲಿಂದ ಆಗಸ್ಟಿನ ಮೊದಲ ದಿನಗಳವರೆಗೆ ನೆತ್ತಿಗಿಂತ ತುಸು ಉತ್ತರಕ್ಕೆ ಸರಿದಿರುತ್ತಾನೆ. ಆ ದಿನಗಳಲ್ಲಿ ಉತ್ತರದ ಗೋಡೆಯ ಬುಡಕ್ಕೇ ಬಿಸಿಲು. ನೆರಳು ದಕ್ಷಿಣದ ಮಗ್ಗುಲಿಗೆ, ಅದೂ ಒಂದು ಗೇಣಿನಷ್ಟು. ಮೇ ತಿಂಗಳ ಕಡೆಯ ವಾರಗಳಲ್ಲಿ, ಮಳೆ ಇನ್ನೂ ಬಾರದ ಹೊತ್ತಿನಲ್ಲಿ, ಈ ಬಿಸಿಲೇ ಗಿಡಗಳನ್ನು ಸುಡುವುದು. ಮಳೆಮೋಡ ಕವಿದ ಮೇಲೆ ತೊಂದರೆಯಿಲ್ಲ.

ವರ್ಷದ ಮಳೆ ಸುಮಾರು 850 ಮಿಲಿಮೀಟರ್. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು ಮುಗಿಯುತ್ತದೆ. ಉಳಿದ ಏಳೆಂಟು ತಿಂಗಳು ಮರದ ಕೆಳಗಿನ ನೆಲ ಒಣಗಿರುತ್ತದೆ. ಹುಮನಾಬಾದ್ ಕಡೆ ಜಂಬಿಟ್ಟಿಗೆ ಕಲ್ಲಿನ ಕೆಂಪು ನೆಲ ಹೆಚ್ಚು. ನೀರು ಹಾಕಿದರೆ ಜರಡಿಯಂತೆ ಇಳಿದುಹೋಗುತ್ತದೆ. ಬಸವಕಲ್ಯಾಣದ ಸುತ್ತ ಎರೆಯೂ ಇದೆ, ಕೆಂಪು ಮೊರಮೂ ಇದೆ. ಎರೆ ನೀರು ಹಿಡಿದಿಡುತ್ತದೆ ನಿಜ, ಆದರೆ ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರುಕು ಬಿಟ್ಟು, ಮೇಲ್ಮೇಲೆ ಹಬ್ಬಿದ ಬೇರುಗಳನ್ನು ಹರಿದುಹಾಕುತ್ತದೆ. ಹೀಗಾಗಿ ಈ ಎರಡು ತಾಲ್ಲೂಕುಗಳ ತೋಟಗಾರನ ಎದುರಿರುವುದು ಒಣ ನೆರಳಿನ ಸಮಸ್ಯೆ. ಗಿಡ ಆಯುವಾಗ ‘ನೆರಳು ತಡೆಯುತ್ತದೆಯೇ’ ಎಂದು ಕೇಳಿದರೆ ಸಾಲದು. ನೆರಳಿನಲ್ಲಿ ಬಾಯಾರಿಕೆ ತಡೆಯುತ್ತದೆಯೇ ಎಂದು ಕೇಳಬೇಕು.

ಮರದಿಂದ ಮರಕ್ಕೂ ನೆರಳು ಬೇರೆ. ಬೇವು ಫೆಬ್ರುವರಿ–ಮಾರ್ಚ್‌ನಲ್ಲಿ ಎಲೆ ಉದುರಿಸುತ್ತದೆ. ಬಿಸಿಲು ಏರುವ ಹೊತ್ತಿಗೇ ಕೊಡೆ ಮುಚ್ಚಿದಂತಾಗಿ, ಹಳದಿ ಎಲೆಯ ಹಾಸಿನ ಮೇಲೆ ಮೂರು-ನಾಲ್ಕು ವಾರ ನೇರ ಬಿಸಿಲು ಬೀಳುತ್ತದೆ. ಆಮೇಲೆ ತಾಮ್ರಬಣ್ಣದ ಚಿಗುರು ಬಂದು ಮತ್ತೆ ನೆರಳು. ಮಾವಿನ ನೆರಳು ವರ್ಷವಿಡೀ ದಟ್ಟ, ಎಲೆಯೂ ಬೇಗ ಕೊಳೆಯದು. ಹುಣಸೆಯ ಕೆಳಗೆ ಏನೂ ಬೆಳೆಯುವುದಿಲ್ಲವೆಂಬ ಮಾತು ಉತ್ಪ್ರೇಕ್ಷೆಯಾದರೂ ಬುಡವಿಲ್ಲದ ಮಾತಲ್ಲ. ಅದರ ಉದುರೆಲೆಯ ರಸ ಬೇರೆ ಬೀಜಗಳ ಮೊಳಕೆಯನ್ನು ತಡೆಯುತ್ತದೆಂದು ಪ್ರಯೋಗಗಳಲ್ಲಿ ಕಂಡುಬಂದಿದೆ. ಎಲ್ಲಕ್ಕಿಂತ ಸುಲಭದ್ದು ಹೊಂಗೆ. ಎಲೆ ಬೇಗ ಕರಗಿ ಗೊಬ್ಬರವಾಗುತ್ತದೆ.

ನೆರಳು ಎಷ್ಟು ದಟ್ಟವಾಗಿದೆ ಎಂದು ತಿಳಿಯಲು ಉಪಕರಣ ಬೇಡ. ನಡುಮಧ್ಯಾಹ್ನ ನೆಲದ ಮೇಲೆ ಬಿಳಿ ಕಾಗದ ಹಾಸಿ, ಅದರಿಂದ ಒಂದು ಅಡಿ ಮೇಲೆ ಅಂಗೈ ಅಗಲಿಸಿ ಹಿಡಿಯುವುದು. ಬೆರಳುಗಳ ಅಂಚು ಚೊಕ್ಕವಾಗಿ ಮೂಡಿದರೆ ಅದು ಬಿಸಿಲೇ. ಅಂಚು ಮಸುಕಾಗಿದ್ದರೂ ಬೆರಳು ಎಣಿಸಬಹುದಾದರೆ ಅರೆನೆರಳು. ಕೈಯೋ ಕಾಗೆಯೋ ತಿಳಿಯದ ಮಬ್ಬು ಕಲೆಯಷ್ಟೇ ಬಿದ್ದರೆ ದಟ್ಟ ನೆರಳು. ಅಲ್ಲಿ ಹೂವಿನ ಆಸೆ ಬಿಟ್ಟು ಎಲೆಯ ಗಿಡಗಳನ್ನು ನೆಡುವುದು ಒಳಿತು.

ಊರಿನ ಗಿಡಗಳು

ಕಲ್ಯಾಣದ (ಇಂದಿನ ಬಸವಕಲ್ಯಾಣ) ಚಾಳುಕ್ಯ ಅರಸ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದ ನೂರು ಅಧ್ಯಾಯಗಳಲ್ಲಿ ಅರಸನ ಉದ್ಯಾನಕ್ಕೂ ಗಿಡಮರಗಳ ಆರೈಕೆಗೂ ಜಾಗವಿದೆ. ಅರಮನೆಯ ತೋಟ ಹೋಯಿತು. ಬಚ್ಚಲ ಮೂಲೆ ಉಳಿಯಿತು. ಈ ಸೀಮೆಯ ನೆರಳು ತೋಟವೆಂದರೆ ಹೆಚ್ಚಿನ ಮನೆಗಳಲ್ಲಿ ಅದೇ: ನೀರು ಹರಿದುಹೋಗುವ ಕಾಲುವೆಯ ಅಂಚಿಗೆ ಕೆಸವು, ಅದರ ಸೆರಗಿನಲ್ಲಿ ದೊಡ್ಡಪತ್ರೆ, ತೇವ ನಿಂತ ಕಡೆ ಒಂದೆಲಗ. ಒಂದೆಲಗ (ಸೆಂಟೆಲ್ಲಾ ಏಷ್ಯಾಟಿಕಾ) ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ಚಾಪೆಯಂತೆ ಹರಡುತ್ತದೆ, ಚಟ್ನಿಗೂ ಒದಗುತ್ತದೆ. ತೇವ ಆರಿದ ದಿನ ಅದರ ಆಟ ಮುಗಿಯಿತು. ದೊಡ್ಡಪತ್ರೆ ದಪ್ಪ ಎಲೆಯಲ್ಲಿ ನೀರಿಟ್ಟುಕೊಳ್ಳುವುದರಿಂದ ಒಂದೆರಡು ವಾರ ಮರೆತರೂ ಕ್ಷಮಿಸುತ್ತದೆ. ಸಾಬೂನಿನ ನೀರು ದಿನವೂ ಒಂದೇ ಕಡೆ ನಿಂತರೆ ಮಾತ್ರ ಎರೆಮಣ್ಣು ಕಲ್ಲಾಗುತ್ತದೆ. ಕಾಲುವೆಯ ದಿಕ್ಕು ಆಗಾಗ ಬದಲಿಸಬೇಕು.

ಒಣ ನೆರಳಿಗೆ ನಿಜವಾಗಿ ಹೊಂದುವವು ನೆಲದೊಳಗೆ ಗಡ್ಡೆ ಇಟ್ಟುಕೊಂಡು ಬೇಸಿಗೆಯನ್ನು ನಿದ್ದೆಯಲ್ಲಿ ಕಳೆಯುವ ಕುರುಚಲು ಕಾಡಿನ ಗಿಡಗಳು. ನೆಲತಾಳೆ (ಕರ್ಕುಲಿಗೋ ಆರ್ಕಿಯಾಯಿಡಿಸ್) ತಾಳೆಯ ಸಸಿಯಂಥ ಎಲೆ ಬಿಟ್ಟು, ಮಣ್ಣಿಗೆ ತಾಗಿದಂತೆ ಹಳದಿ ನಕ್ಷತ್ರದ ಹೂ ಕೊಡುತ್ತದೆ. ಆಯುರ್ವೇದದ ಕರಿ ಮುಸಲಿ ಇದೇ. ಬಿಳಿ ಮುಸಲಿಯೆಂದು ಮಾರುವ ಕ್ಲೋರೋಫೈಟಂ ಬೊರಿವಿಲಿಯಾನಂ ಮುಂಬಯಿಯ ಬೊರಿವಲಿಯ ಹೆಸರು ಹೊತ್ತಿದೆ. ಮನೆಮನೆಯ ಕುಂಡದಲ್ಲಿ ಜೋತಾಡುವ ಸ್ಪೈಡರ್ ಪ್ಲಾಂಟ್‌ಗೆ ಅದು ದಾಯಾದಿ. ಮೊದಲ ಮಳೆಗೆ ಬಿಳಿ ಹೂಗೊಂಚಲು ಎತ್ತುವ ಇದರ ಕುಲದವು ದಖ್ಖನಿನ ಬಯಲಲ್ಲೂ ಇವೆ. ಔಷಧಿಯವರು ಅಗೆದೂ ಅಗೆದೂ ಕಾಡಿನಲ್ಲಿ ಇವು ಕಡಿಮೆಯಾಗಿರುವುದರಿಂದ ತೋಟಕ್ಕೆಂದು ಕಿತ್ತು ತರುವುದು ತಪ್ಪು. ಕೃಷಿ ಮಾಡಿದ ಗಡ್ಡೆ ಸಿಗುತ್ತದೆ.

ನೆಲಸಂಪಿಗೆಯ (ಕೆಂಫೇರಿಯಾ ರೋಟುಂಡಾ) ಮಾತು ಬೇರೆಯೇ. ಇದು ಶುಂಠಿಯ ಬಳಗದ್ದು. ಮಳೆಗೆ ಮುಂಚೆ, ಎಲೆಯ ಸುಳಿವೇ ಇಲ್ಲದ ಬರಿ ನೆಲದಿಂದ ನಸುನೇರಳೆ ಅಂಚಿನ ಬಿಳಿ ಹೂ ನೇರ ಎದ್ದು ಬಂದು ಕಂಪು ಸೂಸುತ್ತದೆ. ಆಮೇಲೆ ಬರುವ ಎಲೆಯ ಮೇಲೆ ಹಸಿರಿನ ಎರಡು ಛಾಯೆ, ಅಡಿಯಲ್ಲಿ ನೇರಳೆ. ದೀಪಾವಳಿ ಕಳೆದ ಮೇಲೆ ಎಲೆ ಮಲಗುತ್ತದೆ. ಗಡ್ಡೆ ಸತ್ತಿತೆಂದು ಅಗೆದು ನೋಡುವ ಚಪಲ ತಡೆದುಕೊಳ್ಳಬೇಕು. ಇದರ ಆಗ್ನೇಯ ಏಷ್ಯಾದ ಸೋದರಿಯರನ್ನು ಅಮೆರಿಕದ ಫ್ಲಾರಿಡಾದಂಥ ಬಿಸಿ ಸೀಮೆಯವರು ‘ದಕ್ಷಿಣದ ಹೋಸ್ಟಾ’ ಎಂದು ಕರೆದು, ಹೋಸ್ಟಾ ಬದುಕದ ಜಾಗದಲ್ಲೆಲ್ಲ ನೆಡುತ್ತಾರೆ. ಬೀದರ್ ಶುಂಠಿ ಬೆಳೆಯುವ ಜಿಲ್ಲೆ. ಒಂದು ಜಿಲ್ಲೆ ಒಂದು ಉತ್ಪನ್ನ ಯೋಜನೆಯಲ್ಲಿ ಅದರ ಪಾಲಿಗೆ ಬಂದದ್ದೂ ಶುಂಠಿಯೇ. ಗಡ್ಡೆ ಯಾವಾಗ ಮಲಗುತ್ತದೆ, ಯಾವಾಗ ಕಣ್ಣು ಬಿಡುತ್ತದೆ ಎಂಬುದನ್ನು ಇಲ್ಲಿನ ರೈತನಿಗೆ ಯಾರೂ ಕಲಿಸಬೇಕಿಲ್ಲ.

ಮಂಜಿನ ನಾರು (ಡ್ರಸೀನಾ ರಾಕ್ಸ್‌ಬರ್ಗಿಯಾನಾ) ಸಹ ಈ ದೇಶದ್ದೇ. ಹಿಂದೆ ಬಿಲ್ಲಿನ ಹೆದೆಗೆ ಇದರ ನಾರು ಬಳಸುತ್ತಿದ್ದರು. ಶತಾವರಿಯನ್ನು ಬಳ್ಳಿ ಎನ್ನುತ್ತಾರಾದರೂ ಆಸರೆ ಕೊಡದಿದ್ದರೆ ನೆಲದ ಮೇಲೇ ಹೊರಳುತ್ತದೆ. ಇನ್ನು ಹಂಸಪಾದಿ ಜರೀಗಿಡ: ಹಳೆಯ ಬಾವಿಗಳಲ್ಲಿ ಇಳಿದು ನೋಡಿದರೆ ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ, ಕಲ್ಲಿನ ಸಂದಿಯಲ್ಲಿ ಕಪ್ಪು ತಂತಿಯಂಥ ಕಡ್ಡಿಗೆ ಎಳೆಹಸಿರು ಎಲೆ ಪೋಣಿಸಿಕೊಂಡು ತೂಗುತ್ತಿರುತ್ತದೆ. ಅಲ್ಲಿಂದ ಕಿತ್ತು ತಂದು ಅಂಗಳದಲ್ಲಿ ನೆಟ್ಟರೆ ವಾರ ಬಾಳುವುದಿಲ್ಲ. ಬಾವಿಯ ಹವೆ ಅಂಗಳಕ್ಕೆ ಬಾರದು.

ಹೊರಗಿನಿಂದ ಬಂದವು

ಹುಮನಾಬಾದಿನ ಮೇಲೆ ಹಾಯುವ ಪುಣೆ–ಹೈದರಾಬಾದ್ ಹೆದ್ದಾರಿಯೇ ಇಲ್ಲಿನ ನರ್ಸರಿಗಳ ದಾರಿ. ಗೋದಾವರಿ ಬಯಲಿನ ಕಡಿಯಂನಂಥ ಕಡೆಯಿಂದ ಬರುವ ಗಿಡದ ಬೇರಿಗೆ ಅಂಟುಮಣ್ಣಿನ ಉಂಡೆ ಮೆತ್ತಿರುತ್ತದೆ. ಅದನ್ನು ಹಾಗೇ ನೆಟ್ಟರೆ ಉಂಡೆ ಒಣಗಿ ಇಟ್ಟಿಗೆಯಾಗುತ್ತದೆ. ಸುತ್ತ ಎಷ್ಟು ನೀರು ಸುರಿದರೂ ಒಳಗೆ ಹನಿ ಇಳಿಯುವುದಿಲ್ಲ. ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಬೆರಳಿನಿಂದ ಮಣ್ಣು ಸಡಿಲಿಸಿ ನೆಡುವುದು ಕ್ರಮ. ಇಷ್ಟು ಮಾಡದೆ ಗಿಡ ಸತ್ತಾಗ ನರ್ಸರಿಯವರನ್ನು ಬೈಯುವುದುಂಟು.

ಒಣ ನೆರಳಿನಲ್ಲಿ ಪರೀಕ್ಷೆ ಪಾಸಾದ ಪರದೇಶಿ ಗಿಡಗಳು ಕೆಲವೇ. ಆಫ್ರಿಕದ ಸ್ಪೈಡರ್ ಪ್ಲಾಂಟ್ ದಪ್ಪ ಬೇರುಗಳಲ್ಲಿ ನೀರು ಕೂಡಿಡುತ್ತದೆ. ಬೋರ್‌ವೆಲ್‌ನ ಗಡಸು ನೀರಿಗೆ ತುದಿ ಕಂದಾಗುವುದೊಂದೇ ಅದರ ದೂರು. ದಕ್ಷಿಣ ಆಫ್ರಿಕದ ಶತಾವರಿ ಜಾತಿ ‘ಸ್ಪ್ರೆಂಗೆರಿ’ಯೂ ಗಡ್ಡೆಯ ಬಲದಿಂದ ನಿಲ್ಲುತ್ತದೆ. ಮೆಕ್ಸಿಕೊ ಕಡೆಯ ಟ್ರಾಡೆಸ್ಕಾಂಶಿಯಾಗಳಲ್ಲಿ ಬೆಳ್ಳಿಗೆರೆಯ ಜೆಬ್ರಿನಾ, ನೇರಳೆಯ ಪ್ಯಾಲಿಡಾ, ದೋಣಿಯಾಕಾರದ ಹೂಪೊರೆಯ ಸ್ಪಾತೇಸಿಯಾ ಮೂರೂ ತುಂಡು ಚುಚ್ಚಿದರೆ ಹತ್ತುತ್ತವೆ. ನೆರಳು ಹೆಚ್ಚಾದಷ್ಟೂ ಪ್ಯಾಲಿಡಾದ ನೇರಳೆ ಮಾಸಿ ಹಸಿರಿಗೆ ತಿರುಗುತ್ತದೆ. ಮನಿಪ್ಲಾಂಟನ್ನು ಗೋಡೆಗೆ ಹತ್ತಿಸುವ ರೂಢಿ ಇದ್ದರೂ ಮಾವಿನ ಕೆಳಗೆ ನೆಲಕ್ಕೆ ಬಿಟ್ಟರೆ ಒಳ್ಳೆಯ ಹಾಸಾಗುತ್ತದೆ. ಮಾಂಡೋ ಹುಲ್ಲನ್ನು ನಗರದ ತೋಟ ವಿನ್ಯಾಸಕಾರರು ಎಲ್ಲೆಡೆ ಸೂಚಿಸುತ್ತಾರೆ. ಹನಿ ನೀರಾವರಿ ಇಲ್ಲದ ಮನೆಗೆ ಅದು ತಕ್ಕುದಲ್ಲ.

ಸಂಕರ ತಳಿಗಳು

ನರ್ಸರಿಯಲ್ಲಿ ಎಲೆಗೆ ಬಣ್ಣವಿದ್ದ ಗಿಡವೆಲ್ಲ ‘ಹೈಬ್ರಿಡ್’. ಸಸ್ಯಶಾಸ್ತ್ರದ ಮಾತಿನಲ್ಲಿ ಸಂಕರವೆಂದರೆ ಎರಡು ಬೇರೆ ಜಾತಿ ಅಥವಾ ತಳಿಗಳ ಪರಾಗ-ಅಂಡಗಳ ಕೂಡಿಕೆಯಿಂದ ಹುಟ್ಟಿದ್ದು. ಒಂದೇ ಗಿಡದ ಒಂದು ಕುಡಿ ತಾನಾಗಿ ಬದಲಾಗಿ ಬೇರೆ ರೂಪ ತಾಳಿದರೆ ಅದು ಕುಡಿ ಮಾರ್ಪಾಡು. ನೆಲಹೊದಿಕೆಗಳ ಪೈಕಿ ಹೆಸರುವಾಸಿಯಾದ ಹಲವು ಈ ಎರಡನೆಯ ಗುಂಪಿನವು. ಪಟ್ಟೆ ಎಲೆಯ ಸ್ಪೈಡರ್ ಪ್ಲಾಂಟ್ ಹಾಗೆ ಬಂದದ್ದು. ಬಾಸ್ಟನ್ ಜರೀಗಿಡವನ್ನು 1894ರಲ್ಲಿ ಸಾಮಾನ್ಯ ನೆಫ್ರೊಲೆಪಿಸ್ ಗಿಡಗಳ ರಾಶಿಯೊಂದರಲ್ಲಿ ಗುರುತಿಸಿದರು. ಹಾವಿನ ಗಿಡದ ಗಿಡ್ಡ ರೂಪ ‘ಹಾನಿ’ 1939ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಕಾಣಿಸಿಕೊಂಡು, 1941ರಲ್ಲಿ ಪೇಟೆಂಟ್ ಪಡೆಯಿತು. 2017ರಲ್ಲಿ ಅದರ ಸಾನ್ಸೆವೀರಿಯಾ ಕುಲವನ್ನೇ ಡ್ರಸೀನಾಕ್ಕೆ ಸೇರಿಸಿದ್ದರಿಂದ ಹೆಸರು ಮಾತ್ರ ಬದಲಾಗಿದೆ.

ಈ ವ್ಯತ್ಯಾಸ ಪಂಡಿತರ ತಕರಾರಷ್ಟೇ ಅಲ್ಲ, ಗಿಡ ಹೆಚ್ಚಿಸುವವನ ಕೈಗೂ ತಾಗುತ್ತದೆ. ಹಳದಿ ಅಂಚಿನ ಹಾವಿನ ಗಿಡದ ಎಲೆ ಕತ್ತರಿಸಿ ಮಣ್ಣಿಗೆ ಚುಚ್ಚಿದರೆ ಬೇರು ಬರುತ್ತದೆ, ಆದರೆ ಹೊಸ ಮರಿಗೆ ಹಳದಿ ಅಂಚಿರುವುದಿಲ್ಲ. ಅಂಚಿನ ಹಳದಿ ಪದರ ಬೇರೆ, ಒಳಗಿನ ಹಸಿರು ಪದರ ಬೇರೆ. ಎಲೆತುಂಡಿನಿಂದ ಹುಟ್ಟುವ ಮರಿ ಎರಡನ್ನೂ ಹೊತ್ತು ಬರುವುದಿಲ್ಲ. ಬುಡ ಸೀಳಿ ಬೇರುಸಹಿತ ಬೇರ್ಪಡಿಸಿದರೆ ಮಾತ್ರ ಅಂಚು ಉಳಿಯುತ್ತದೆ.

ನಿಜವಾದ ಸಂಕರಗಳ ಕಥೆ ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಗಾಜಿನ ಮನೆಗಳಲ್ಲಿ ಶುರುವಾಗುತ್ತದೆ. ಅಸ್ಸಾಮಿನಿಂದ 1850ರ ದಶಕದಲ್ಲಿ ಅಲ್ಲಿಗೆ ಹೋದ ಬೆಗೋನಿಯಾ ರೆಕ್ಸ್ ಬೇರೆ ಜಾತಿಗಳೊಡನೆ ಬೆರೆತು ಬೆಳ್ಳಿ, ಕೆಂಪು, ಕಪ್ಪು ಛಾಯೆಯ ನೂರಾರು ತಳಿಗಳಾಗಿ ತಿರುಗಿ ಬಂತು. 1868ರ ಸುಮಾರಿಗೆ ಲಂಡನ್ ಬಳಿಯ ಚಿಸ್ವಿಕ್‌ನ ತೋಟದಲ್ಲಿ ಬಾಸೆ ಎಂಬ ತೋಟಗಾರ ಕೋಲಿಯಸ್ ಜಾತಿಗಳನ್ನು ಬೆರೆಸಿ ಪಡೆದ ಸಸಿಗಳು ಹರಾಜಿನಲ್ಲಿ ಮಾರಾಟವಾದವು. ಪ್ಯಾರಿಸ್‌ನ ಆಲ್ಫ್ರೆಡ್ ಬ್ಲೂ ಅದೇ ಕಾಲದಲ್ಲಿ ಕೆಲೇಡಿಯಂ ಹಿಡಿದು ಕೂತ. ನಮ್ಮ ಕೆಸವಿನ ಈ ದಕ್ಷಿಣ ಅಮೆರಿಕದ ನೆಂಟನಲ್ಲಿ ಒಂದೇ ಹೂದಂಡದ ಹೆಣ್ಣು ಹೂಗಳು ಮೊದಲು ಸಿದ್ಧವಾಗುತ್ತವೆ, ಗಂಡು ಹೂ ಪರಾಗ ಉದುರಿಸುವುದು ಆಮೇಲೆ. ಆದ್ದರಿಂದ ಒಂದರ ಪರಾಗವನ್ನು ಇನ್ನೊಂದಕ್ಕೆ ಹೊತ್ತು ನೋಡಿ ಮುಟ್ಟಿಸಬೇಕು. ಕೆಂಪು ಅಗ್ಲೋನೀಮಾ ಇತ್ತೀಚಿನದು: 1980ರ ದಶಕದಲ್ಲಿ ಇಂಡೋನೇಷ್ಯಾದ ಗ್ರೆಗೊರಿ ಹಂಬಾಲಿ ಸುಮಾತ್ರಾದ ಕೆಂಪು ನರದ ಜಾತಿಯಿಂದ ‘ಪ್ರೈಡ್ ಆಫ್ ಸುಮಾತ್ರಾ’ ತಳಿ ಪಡೆದ ಮೇಲೆ ಬಂದ ಅಲೆ ಅದು.

ಇವುಗಳಲ್ಲಿ ಕಲ್ಯಾಣದ ನೆಲಕ್ಕೆ ಯಾವುವು? ಕೆಲೇಡಿಯಂ ಬರುತ್ತದೆ, ಏಕೆಂದರೆ ಅದಕ್ಕೂ ನಿದ್ದೆಯಿದೆ. ಮಳೆಗೆ ಎದ್ದು ಚಳಿಗೆ ಮಲಗುತ್ತದೆ. ಕೋಲಿಯಸ್ ಎರಡು ವರ್ಷಕ್ಕೊಮ್ಮೆ ತುಂಡು ಚುಚ್ಚಿ ಹೊಸದು ಮಾಡಿಕೊಳ್ಳುವವರಿಗೆ ಆದೀತು. ರೆಕ್ಸ್ ಬೆಗೋನಿಯಾ ಮತ್ತು ಕೆಂಪು ಅಗ್ಲೋನೀಮಾಗಳನ್ನು ಕುಂಡದಲ್ಲಿಟ್ಟು ಪಡಸಾಲೆಯಲ್ಲಿ ಸಾಕಬೇಕು. ಏಪ್ರಿಲ್‌ನ ಒಣ ಗಾಳಿಗೆ ನೆಲದಲ್ಲಿ ಅವುಗಳ ಅಂಚು ಸುಟ್ಟು ಹಪ್ಪಳವಾಗುತ್ತದೆ. ಅರೆನೆರಳಿಗೆ ಮಳೆ ಲಿಲಿ ಉತ್ತಮ. ಬಿಳಿಯ ಕ್ಯಾಂಡಿಡಾ ಮತ್ತು ಹಳದಿಯ ಸಿಟ್ರಿನಾ ಬೆರೆಸಿ ‘ಅಜಾಕ್ಸ್’ ಎಂಬ ತಿಳಿಹಳದಿ ಸಂಕರ ಮಾಡಿದವನು ಜರ್ಮನಿಯ ಸ್ಪ್ರೆಂಗರ್. ಮೇಲೆ ಹೇಳಿದ ಶತಾವರಿಗೂ ಅವನದೇ ಹೆಸರು. ಮನೆಯಲ್ಲೇ ಸಂಕರ ಮಾಡಿ ನೋಡುವ ಆಸೆಯವರು ಇದರಿಂದ ಶುರುಮಾಡಬಹುದು. ಒಂದು ಎಚ್ಚರಿಕೆ: ಮಳೆ ಲಿಲಿಯ ಕೆಲವು ಜಾತಿಗಳು ಪರಾಗ ತಾಗಿದರೂ ತಾಯಿಯ ಪಡಿಯಚ್ಚನ್ನೇ ಬೀಜದಲ್ಲಿ ಕೊಡುತ್ತವೆ.

ಸಂಕರವೇ ಕಾಟವಾದ ಉದಾಹರಣೆಯೂ ಇದೆ. ವೆಡೇಲಿಯಾ ಎಂದು ಮಾರುವ ಹಳದಿ ಹೂವಿನ ಹಬ್ಬುಗಿಡ (ಸ್ಫಾಗ್ನೆಟಿಕೋಲಾ ಟ್ರೈಲೋಬಾಟಾ) ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಚೀನಾದ ಗ್ವಾಂಗ್‌ಡಾಂಗ್‌ನಲ್ಲಿ ಇದು ನಮ್ಮ ದೇಶದಲ್ಲೂ ಇರುವ ಹಳದಿ ಹೂವಿನ ಭೃಂಗರಾಜದೊಡನೆ ತಾನಾಗಿ ಬೆರೆತು ಹೊಸ ಸಂಕರವನ್ನೇ ಹುಟ್ಟಿಸಿದೆ. ಕಾರಂಜಾ ಕಾಲುವೆಯ ನೀರು ತಾಗುವ ತೋಟಗಳಲ್ಲಿ, ಕೆರೆಯಂಚಿನಲ್ಲಿ ಇದನ್ನು ನೆಡಲೇಬಾರದು. ಇನ್ನೊಂದು ಎಚ್ಚರಿಕೆ: ಸಿಂಗೋನಿಯಂ, ಕೆಲೇಡಿಯಂ, ಡೀಫೆನ್‌ಬೇಕಿಯಾಗಳ ರಸದಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ. ಕೂಸು ಕಚ್ಚಿದರೆ ಬಾಯಿ-ನಾಲಿಗೆ ಉರಿದು ಬಾವು ಬರುತ್ತದೆ.

ನಾಟಿ

ಮಿರಗದ ಮಳೆ ನೆಲ ನೆನೆಸಿದ ಮೇಲೆ, ಆರಿದ್ರ ಮುಗಿಯುವುದರೊಳಗೆ ನಾಟಿ ಮುಗಿಸಬೇಕು. ಮರದ ಬುಡ ಅಗೆಯುವಾಗ ಗುದ್ದಲಿ ಬೀಸದೆ ಕುರುಪಿಯಲ್ಲಿ ಬೇರುಗಳ ನಡುವೆ ಚಿಕ್ಕ ಗುಂಡಿ ತೋಡುವುದು ಸರಿ. ಹೆಬ್ಬೆರಳಿಗಿಂತ ದಪ್ಪನೆಯ ಬೇರು ಸಿಕ್ಕರೆ ಗುಂಡಿಯನ್ನೇ ಪಕ್ಕಕ್ಕೆ ಸರಿಸಬೇಕು. ಬುಡಕ್ಕೆ ಅಡಿಯೆತ್ತರ ಹೊಸ ಮಣ್ಣು ಏರಿಸಿ ಅದರ ಮೇಲೆ ನೆಡುವವರು ಕೆಲವೇ ವರ್ಷಗಳಲ್ಲಿ ಮರವನ್ನೇ ಕಳೆದುಕೊಳ್ಳಬಹುದು. ಗಿಡದಿಂದ ಗಿಡಕ್ಕೆ ಗೇಣು ಅಂತರ ಸಾಕು. ಮೇಲೆ ಕಬ್ಬಿನ ರವದಿಯನ್ನೋ ತೊಗರಿ ಹೊಟ್ಟನ್ನೋ ಮೂರು ಬೆರಳು ದಪ್ಪ ಹರಡಬೇಕು. ಎರಡಕ್ಕೂ ಈ ತಾಲ್ಲೂಕುಗಳಲ್ಲಿ ಬರವಿಲ್ಲ. ಬೇವು ಬೋಳಾಗುವ ಮಾರ್ಚ್‌ನಲ್ಲಿ ಹಸಿರು ನೆಟ್ ಕಟ್ಟಿದರೆ ಹೊಸ ನಾಟಿ ಬದುಕುತ್ತದೆ. ಬೀದರಿನಲ್ಲಿರುವ ತೋಟಗಾರಿಕೆ ಮಹಾವಿದ್ಯಾಲಯ (ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ್ದು) ಮಣ್ಣು-ರೋಗಗಳ ವಿಚಾರಕ್ಕೆ ಹತ್ತಿರದ ವಿಳಾಸ.

ಕನಕಾಂಬರ

ನೆಲಹೊದಿಕೆಯ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಗಿಡವಿದು. ಕಾರಣ, ಇದನ್ನು ಮುಡಿಯುವ ಹೂವೆಂದೇ ಎಣಿಸುವುದು. ಕನಕಾಂಬರ, ಉತ್ತರ ಕರ್ನಾಟಕದ ಅಬ್ಬಲಿಗೆ, ಗಡಿಯಾಚೆಯ ಮರಾಠಿಯ ಅಬೋಲಿ (ಕ್ರಾಸಾಂಡ್ರಾ ಇನ್‌ಫಂಡಿಬ್ಯುಲಿಫಾರ್ಮಿಸ್) ದಕ್ಷಿಣ ಭಾರತ ಮತ್ತು ಶ್ರೀಲಂಕಾ ಮೂಲದ್ದು. ಬಹುವಾರ್ಷಿಕ, ಮೊಣಕಾಲೆತ್ತರ, ಕಡುಹಸಿರು ಹೊಳೆವ ಎಲೆ. ಹೊಂಗೆ ಅಥವಾ ಬೇವಿನ ಜಾಳು ನೆರಳಿನಲ್ಲಿ ಒಂದಡಿ ಅಂತರಕ್ಕೆ ನೆಟ್ಟು ತುದಿ ಚಿವುಟುತ್ತಿದ್ದರೆ ಎರಡನೆಯ ಮಳೆಗಾಲಕ್ಕೆ ನೆಲ ಕಾಣುವುದಿಲ್ಲ. ದಟ್ಟ ನೆರಳಿನಲ್ಲಿ ಎಲೆಯೇ ಹೆಚ್ಚು, ಹೂ ಕಡಿಮೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ‘ಅರ್ಕಾ ಅಂಬರ’, ‘ಅರ್ಕಾ ಕನಕ’, ‘ಅರ್ಕಾ ಶ್ರೇಯ’ ಮುಂತಾದ ತಳಿಗಳನ್ನು ಕೊಟ್ಟಿದೆ.

ಸಾಮಾನ್ಯ ಕನಕಾಂಬರದ ಒಣಗಿದ ತೆನೆಯ ಮೇಲೆ ಮಳೆಹನಿ ಬಿದ್ದ ಕೂಡಲೇ ಕಾಯಿ ಪಟ್ಟನೆ ಸಿಡಿದು ಬೀಜವನ್ನು ದೂರಕ್ಕೆ ಎಸೆಯುತ್ತದೆ. ಬೀಜ ಬೇಕಾದವರು ತೆನೆಯನ್ನು ಲೋಟದ ನೀರಿನಲ್ಲಿ ಅದ್ದಿ, ಮೇಲೆ ಬಟ್ಟೆ ಮುಚ್ಚಿ ಕಾಯುತ್ತಾರೆ. ಆದರೆ ಹೆಚ್ಚು ಕಾಲ ಹೂ ಬಿಡುವ, ನಸುಗೆಂಪು-ಕಿತ್ತಳೆಯ ‘ದಿಲ್ಲಿ ಕನಕಾಂಬರ’ಕ್ಕೆ ಈ ಸಿಡಿತವಿಲ್ಲ. ಅದರಲ್ಲಿ ವರ್ಣತಂತುಗಳ ಎರಡು ಗಣಗಳ ಬದಲು ಮೂರು ಗಣಗಳಿವೆ. ಹಾಗಾಗಿ ಬೀಜ ಕಟ್ಟುವುದಿಲ್ಲ. ಪೆನ್ಸಿಲಿಗಿಂತ ತೆಳುವಾದ ಅರೆಬಲಿತ ಟೊಂಗೆಯನ್ನು ನಾಲ್ಕು ಬೆರಳು ಉದ್ದಕ್ಕೆ ಕತ್ತರಿಸಿ, ಜುಲೈ ತಿಂಗಳ ಮೋಡದ ದಿನ ಮರಳು ಬೆರೆಸಿದ ಮಣ್ಣಿಗೆ ಚುಚ್ಚಿದರೆ ಮೂರು-ನಾಲ್ಕು ವಾರಕ್ಕೆ ಬೇರು ಬರುತ್ತದೆ. ತಾಯಿಗಿಡದ ಬೇರಿನಲ್ಲಿ ಗಂಟುಗಳಿವೆಯೇ ಎಂದು ಮೊದಲೇ ಒಂದನ್ನು ಕಿತ್ತು ನೋಡಿಕೊಳ್ಳಬೇಕು. ಜಂತುಹುಳು ಹತ್ತಿದ ಮಡಿಯ ಮಣ್ಣು ಹೊಸ ಮಡಿಗೆ ಬರಬಾರದು.